ತಲೆದೆಸೆಯಲ್ಲಿ ನಿಂತವರು ಕಾಲ್ದೆಸೆಗೆ ಬರುವಾಗ

ಪತ್ರ:

ಆರು ವರ್ಷಗಳಿಂದ ಡೌಲಾ ಆಗಿ, ಅಂದರೆ ಹೆರಿಗೆಯುದ್ದಕ್ಕೂ ತಾಯಿಯ ಜೊತೆಗಿದ್ದು ಧೈರ್ಯ ತುಂಬುವವಳಾಗಿ, ಕೆಲಸ ಮಾಡುತ್ತಿದ್ದೇನೆ. ಎಷ್ಟೋ ತಾಯಂದಿರ ತಲೆದೆಸೆಯಲ್ಲಿ ನಿಂತು ಕೈ ಹಿಡಿದಿದ್ದೇನೆ, ಸೊಂಟ ನೀವಿದ್ದೇನೆ. ಕೊನೆಯ ಗಳಿಗೆಯಲ್ಲಿ ಮಗುವನ್ನು ಬರಮಾಡಿಕೊಳ್ಳುವ ಕೈಗಳು ಮಾತ್ರ ಯಾವಾಗಲೂ ಬೇರೆಯವರವು. ಆ ಕೆಲಸವನ್ನೂ ಕಲಿಯಬೇಕೆಂಬ ಆಸೆಯಿಂದ ಮಿಡ್‌ವೈಫರಿ ಕೋರ್ಸಿಗೆ ಅರ್ಜಿ ಹಾಕಿದ್ದೆ, ಸೀಟು ಸಿಕ್ಕಿದೆ. ಮೂರು ವರ್ಷದ ಪೂರ್ಣಾವಧಿ ಕೋರ್ಸು. ಆದರೆ ಡೌಲಾ ಕೆಲಸವೇ ನನ್ನ ಆದಾಯ, ಅದನ್ನು ಪೂರ್ತಿ ಬಿಡುವಂತಿಲ್ಲ. ತರಗತಿ ಶುರುವಾದ ಮೇಲೆ ದಿನ ತುಂಬುವ ಇಬ್ಬರು ಗರ್ಭಿಣಿಯರಿಗೆ ಈಗಾಗಲೇ ಮಾತು ಕೊಟ್ಟಿದ್ದೇನೆ. ಜೊತೆಗಾರ ಡೌಲಾಗಳು ‘ನೀನೂ ಆ ಕಡೆ ಸೇರಿಕೊಂಡೆ’ ಎಂದು ಮುಖ ತಿರುಗಿಸುತ್ತಿದ್ದಾರೆ. ಇನ್ನೊಂದು ಮಾತು, ಹೇಳಲು ಸಂಕೋಚ. ಆ ಇಬ್ಬರಲ್ಲಿ ಒಬ್ಬರು ‘ನೀವು ಹೇಗೂ ಕಲಿಯುತ್ತಿರುತ್ತೀರಲ್ಲ, ಬೇನೆ ಶುರುವಾದಾಗ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಹೇಳಿ, ಆಮೇಲೆ ಆಸ್ಪತ್ರೆಗೆ ಹೊರಡೋಣ’ ಎನ್ನುತ್ತಿದ್ದಾರೆ. ಎರಡೂ ಕೆಲಸಗಳನ್ನು ಒಟ್ಟಿಗೆ ನಡೆಸಬಹುದೇ?

ಉತ್ತರ:

ನೀವು ಸಂಕೋಚದಿಂದ ಕೊನೆಯಲ್ಲಿ ಬರೆದದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳಿಗೆ ಯೋಚಿಸಲು ಸಮಯವಿದೆ, ಇದಕ್ಕಿಲ್ಲ. ಆ ತಾಯಿಗೆ ನೀವು ಮನೆಯಲ್ಲಿ ಒಳಪರೀಕ್ಷೆ ಮಾಡಕೂಡದು. ಮೊದಲ ತಿಂಗಳಲ್ಲೂ ಕೂಡದು, ಮೂರನೆಯ ವರ್ಷದಲ್ಲಿ ಕೈ ಚೆನ್ನಾಗಿ ಪಳಗಿದ ಮೇಲೂ ಕೂಡದು. ವಿದ್ಯಾರ್ಥಿನಿಯ ಕೈ ತಾಯಿಯ ಮೈಮೇಲೆ ಇರಬಹುದಾದದ್ದು ಮಾರ್ಗದರ್ಶಕಿಯ ಕಣ್ಣೆದುರಿನಲ್ಲಿ, ಅವರ ಹೊಣೆಯಲ್ಲಿ ಮಾತ್ರ. ಆ ಕೋಣೆಯ ಹೊರಗೆ ನೀವು ಕಲಿತದ್ದಕ್ಕೆ ಅಧಿಕಾರವೂ ಇಲ್ಲ, ರಕ್ಷಣೆಯೂ ಇಲ್ಲ.

ನಿಯಮಕ್ಕಾಗಿ ನಿಯಮ ಹೇಳುತ್ತಿಲ್ಲ. ಆ ತಾಯಿ ಕೇಳುತ್ತಿರುವುದು ಒಂದು ಅಂಕಿಯನ್ನು, ಮತ್ತು ಆ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ ಗರ್ಭಕಂಠ 5 ಸೆಂಟಿಮೀಟರ್ ತೆರೆದಲ್ಲಿಂದ ಬೇನೆಯ ಸಕ್ರಿಯ ಹಂತವನ್ನು ಎಣಿಸುತ್ತಾರೆ. ಅದಕ್ಕಿಂತ ಮುಂಚಿನ ಹಂತಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಸಕ್ರಿಯ ಹಂತದಲ್ಲೂ ಒಳಪರೀಕ್ಷೆಗೆ ಅವರು ಹೇಳುವ ಅಂತರ ನಾಲ್ಕು ಗಂಟೆ, ಆದರೆ ಮಗುವಿನ ಹೃದಯಬಡಿತವನ್ನು 15ರಿಂದ 30 ನಿಮಿಷಕ್ಕೊಮ್ಮೆ ಕೇಳಿಸಿಕೊಳ್ಳಬೇಕು. ಎರಡು ಪರೀಕ್ಷೆಗಳ ನಡುವಿನ ಈ ಅಂತರವನ್ನು ಒಮ್ಮೆ ಹೋಲಿಸಿ ನೋಡಿ. ತಾಯಿ ಮತ್ತು ಮಗು ಕ್ಷೇಮವಾಗಿದ್ದಾರೆಯೇ ಎಂಬುದನ್ನು ತಿಳಿಸುವುದು ಬಡಿತ, ರಕ್ತದೊತ್ತಡ, ಜ್ವರ, ಸ್ರಾವದ ಬಣ್ಣ. ತೆರೆದ ಅಳತೆ ಅವುಗಳ ಸಾಲಿನಲ್ಲಿ ಒಂದು. ನೀವು ‘ಮೂರು’ ಎಂದು ಹೇಳಿ ಎಲ್ಲರೂ ನೆಮ್ಮದಿಯಿಂದ ಮನೆಯಲ್ಲಿ ಉಳಿದ ಹೊತ್ತಿನಲ್ಲಿ ಮಗುವಿನ ಬಡಿತ ಇಳಿಯುತ್ತಿದ್ದರೆ ಅದನ್ನು ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇರುವುದಿಲ್ಲ. ಗರ್ಭಜಲದ ಚೀಲ ಒಡೆದಿದ್ದರೆ ಪ್ರತಿಯೊಂದು ಒಳಪರೀಕ್ಷೆಯೂ ಸೋಂಕಿಗೆ ಇನ್ನೊಂದು ಬಾಗಿಲು. ಡೌಲಾ ಆಗಿ ಇಷ್ಟು ವರ್ಷ ನೀವು ತಾಯಿಯ ಉಸಿರನ್ನು, ಬೇನೆಗಳ ನಡುವೆ ಆಕೆ ಮಾತನಾಡಬಲ್ಲಳೇ ಎಂಬುದನ್ನು, ದನಿ ಆಳಕ್ಕಿಳಿಯುವುದನ್ನು ಗಮನಿಸಿ ‘ಈಗ ಹೊರಡೋಣ’ ಎಂದಿದ್ದೀರಿ. ಯಾವಾಗ ಹೊರಡಬೇಕೆಂಬ ಸಂದೇಹ ಬಂದಾಗ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದೀರಿ. ಆ ದಾರಿ ಈಗಲೂ ಹಾಗೆಯೇ ಇದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಎರಡನ್ನೂ ಒಟ್ಟಿಗೆ ನಡೆಸಬಹುದೇ ಎಂದರೆ, ಒಂದೇ ಕಾಲದಲ್ಲಿ ನಡೆಸಬಹುದು, ಆದರೆ ಹೆರಿಗೆ ಕೋಣೆಯಲ್ಲಿ ಎರಡನ್ನೂ ನಡೆಸಬಾರದು ಎಂಬುದು ನನ್ನ ಉತ್ತರ. ಸಮಯದ ಕೊರತೆ ಇದಕ್ಕೆ ಎರಡನೆಯ ಕಾರಣ. ಮೊದಲನೆಯ ಕಾರಣ ನಿಮ್ಮ ಮುಖ.

ಡೌಲಾ ಎಂಬವರ ಕೈಯಲ್ಲಿ ಸಲಕರಣೆ ಇಲ್ಲ, ಸೂಜಿ ಇಲ್ಲ, ಕೇಸ್ ಶೀಟಿನಲ್ಲಿ ಬರೆಯುವ ಹಕ್ಕಿಲ್ಲ. ಅವರಲ್ಲಿರುವುದು ಸ್ಪರ್ಶ, ದನಿ ಮತ್ತು ನೆಮ್ಮದಿಯ ಒಂದು ಮುಖ. ಬೇನೆ ತಿನ್ನುತ್ತಿರುವ ಹೆಂಗಸು ವೈದ್ಯರ ಮಾತನ್ನು ಅರ್ಧ ಕೇಳುತ್ತಾಳೆ, ತನ್ನ ಪಕ್ಕದಲ್ಲಿ ನಿಂತವರ ಮುಖವನ್ನು ಪೂರ್ತಿ ಓದುತ್ತಾಳೆ; ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮುಖ ಅಷ್ಟು ನಿರಾಳವಾಗಿ ಇರಲು ಸಾಧ್ಯವಾದದ್ದು ಭಾಗಶಃ ನಿಮಗೆ ತಿಳಿಯದೇ ಇದ್ದುದರಿಂದ ಮತ್ತು ತಿಳಿಯಬೇಕಾದ ಹೊಣೆ ನಿಮ್ಮ ಮೇಲೆ ಇಲ್ಲದ್ದರಿಂದ. ಮಗುವಿನ ಹೃದಯಬಡಿತ ಕೇಳಿಸುವ ಡಾಪ್ಲರ್ ಯಂತ್ರದಿಂದ ಬರುವ ಸದ್ದು ಇಂದು ನಿಮಗೆ ಕುದುರೆ ಓಟದಂತಹ ಒಂದು ಸಂತೋಷದ ಸದ್ದು. ವರ್ಷ ಕಳೆಯುವುದರೊಳಗೆ ಅದು ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕಾದ ಅಂಕಿಯಾಗುತ್ತದೆ; ಬೇನೆ ಮುಗಿದ ಮೇಲೂ ಇಳಿದ ಬಡಿತ ಮೇಲೇರದೆ ತಡವಾದಾಗ ನಿಮ್ಮ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಆಗ ನೀವು ಆ ತಾಯಿಯ ಡೌಲಾ ಆಗಿ ಪಕ್ಕದಲ್ಲಿದ್ದರೆ, ಬಾಯಿ ಮುಚ್ಚಿಕೊಂಡರೂ ಮುಖ ಮುಚ್ಚಿಕೊಳ್ಳಲಾರಿರಿ. ಕಲಿತದ್ದನ್ನು ಕಲಿಯದಂತೆ ನಟಿಸುವ ವಿದ್ಯೆಯನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ನಾನು ಮಿಡ್‌ವೈಫರಿ ಕಲಿಸುತ್ತಿದ್ದ ವರ್ಷಗಳಲ್ಲಿ ನಿಮ್ಮಂತೆಯೇ ಡೌಲಾ ಆಗಿದ್ದ ವಿದ್ಯಾರ್ಥಿನಿಯೊಬ್ಬಳಿದ್ದಳು, ಚುರುಕಾದವಳು, ಎಲ್ಲರಿಗೂ ಬೇಕಾದವಳು. ಪೋಸ್ಟಿಂಗ್ ಇಲ್ಲದ ಒಂದು ವಾರಾಂತ್ಯ, ಹಳೆಯ ಪರಿಚಯದ ತಾಯಿಯೊಬ್ಬಳಿಗೆ ಡೌಲಾ ಆಗಿ ಹೋದಳು. ಬೇನೆ ಮುಂದುವರಿಯದಿದ್ದಾಗ ವೈದ್ಯರು ಬೇನೆ ಹೆಚ್ಚಿಸುವ ಔಷಧಿ ಹಾಕುವ ವಿಚಾರ ವಿವರಿಸುತ್ತಿದ್ದರು. ತಾಯಿ ವೈದ್ಯರ ಕಡೆ ನೋಡದೆ ಈಕೆಯ ಕಡೆ ತಿರುಗಿ ‘ನೀವೇ ಹೇಳಿ, ಬೇಕಾ?’ ಎಂದಳು. ಮುಂಚೆ ಆಗಿದ್ದರೆ ‘ನಿಮ್ಮ ಪ್ರಶ್ನೆಗಳನ್ನು ಅವರನ್ನೇ ಕೇಳೋಣ’ ಎನ್ನುತ್ತಿದ್ದ ಹುಡುಗಿ ಅಂದು ಉತ್ತರ ಕೊಟ್ಟಳು. ಉತ್ತರ ತಪ್ಪಾಗಿರಲಿಲ್ಲ, ಆದರೆ ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಯಾರ ಮಾತಿಗೆ ಯಾರು ಹೊಣೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ, ವೈದ್ಯರಿಗೂ, ದಾದಿಯರಿಗೂ, ಎಲ್ಲಕ್ಕಿಂತ ಹೆಚ್ಚಾಗಿ ಆ ತಾಯಿಗೂ. ಮಗು ಚೆನ್ನಾಗಿಯೇ ಹುಟ್ಟಿತು. ಆದರೂ ಆ ದಿನವನ್ನು ನೆನೆದು ಅವಳು ಅತ್ತದ್ದನ್ನು ನಾನು ನೋಡಿದ್ದೇನೆ.

ಡೌಲಾ ಇದ್ದರೆ ಆಗುವ ಉಪಕಾರ ಚಿಕ್ಕದೆಂದು ಇದರರ್ಥವಲ್ಲ. ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇರುವುದರ ಬಗ್ಗೆ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆ 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಒಟ್ಟುಗೂಡಿಸಿ ನೋಡಿತು: ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಕಡಿಮೆ. ಅದೇ ವಿಮರ್ಶೆಯ ಹಿಂದಿನ ಆವೃತ್ತಿಗಳು ಇನ್ನೊಂದು ಸೂಕ್ಷ್ಮವನ್ನು ಗುರುತಿಸಿದ್ದವು, ಅದೇ ನನಗೆ ಇಲ್ಲಿ ಮುಖ್ಯ. ಜೊತೆಗಿರುವವರು ಆಸ್ಪತ್ರೆಯ ಸಿಬ್ಬಂದಿಯೂ ಆಗಿರದೆ, ತಾಯಿಯ ಬಂಧುಬಳಗದವರೂ ಆಗಿರದೆ, ಅದಕ್ಕೆಂದೇ ಬಂದವರಾಗಿದ್ದಾಗ ಪರಿಣಾಮ ಹೆಚ್ಚು ಕಂಡಿತ್ತು. ಅಂದರೆ ಡೌಲಾಗಳ ಬಲ ಇರುವುದು ಅವರು ಎಲ್ಲಿಯೂ ಸೇರದೆ ಆ ತಾಯಿಗೆ ಮಾತ್ರ ಸೇರಿರುವುದರಲ್ಲಿ. ವಿದ್ಯಾರ್ಥಿನಿಯಾದ ದಿನ ನೀವು ಒಂದು ವ್ಯವಸ್ಥೆಗೆ ಸೇರುತ್ತೀರಿ. ಆ ತಾಯಿಗೆ ಸಿಗಬೇಕಾದದ್ದನ್ನು ಅರ್ಧ ಕೊಡುವುದಕ್ಕಿಂತ, ಪೂರ್ತಿ ಕೊಡಬಲ್ಲ ಇನ್ನೊಬ್ಬರನ್ನು ತೋರಿಸುವುದು ಲೇಸು.

ಸಮಯದ ಲೆಕ್ಕವನ್ನು ನೀವೇ ಹಾಕಿರುತ್ತೀರಿ, ಆದರೂ ಕಾಗದದ ಮೇಲೆ ಮತ್ತೊಮ್ಮೆ ಹಾಕಿ. ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡದ ಪ್ರಕಾರ ನೇರ ಪ್ರವೇಶದ (ಮೊದಲು ನರ್ಸಿಂಗ್ ಓದಿರಬೇಕಿಲ್ಲದ) ಕೋರ್ಸಿಗೆ ಕನಿಷ್ಠ ಮೂರು ವರ್ಷ, ಮತ್ತು ಅದರಲ್ಲಿ ಕನಿಷ್ಠ ಅರ್ಧದಷ್ಟು ಪ್ರಾಯೋಗಿಕ ಕಲಿಕೆ. ಆ ಅರ್ಧವೆಂದರೆ ಹಗಲು ಪಾಳಿ, ರಾತ್ರಿ ಪಾಳಿ, ಮುಂಚೆಯೇ ಗೋಡೆಗೆ ಅಂಟಿಸಿದ ಪಟ್ಟಿ. ಡೌಲಾ ಕೆಲಸಕ್ಕೆ ಅಂಥ ಪಟ್ಟಿಯಿಲ್ಲ. 37 ವಾರ ತುಂಬಿದಲ್ಲಿಂದ 42ನೆಯ ವಾರದವರೆಗೆ ಮಗು ಯಾವ ಹೊತ್ತಿನಲ್ಲಾದರೂ ಕರೆಯಬಹುದು. ಒಬ್ಬ ತಾಯಿಗೆ ಐದು ವಾರ ಕಾಯುವುದಾದರೆ, ದಿನ ತುಂಬುವ ಕಾಲ ಬೇರೆ ಬೇರೆಯಾಗಿರುವ ಇಬ್ಬರಿಗೆ ಹತ್ತು ವಾರ, ಹೆಚ್ಚು ಕಡಿಮೆ ಒಂದು ಸೆಮಿಸ್ಟರಿನ ಬಹುಪಾಲು. ಇಪ್ಪತ್ತು ಗಂಟೆಯ ಬೇನೆಯೊಂದರಲ್ಲಿ ನಿಂತು ಮರುದಿನ ಬೆಳಿಗ್ಗೆ ಪಾಳಿಗೆ ಹೋಗಬಹುದೆಂದು ನಿಮಗನ್ನಿಸಬಹುದು, ಆರು ವರ್ಷ ಹಾಗೆಯೇ ನಡೆಸಿದ್ದೀರಿ. ಆದರೆ 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ 0.05 ಶೇಕಡಾ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಕೈ ಹಿಡಿಯಲು ಅಷ್ಟು ಎಚ್ಚರ ಸಾಕಾದೀತು. ಮಗು ಹುಟ್ಟಿದೊಡನೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಔಷಧಿ 10 ಯೂನಿಟ್ ಅಳೆದು ಕೊಡಲು, ಹೋದ ರಕ್ತ 500 ಮಿಲಿಲೀಟರ್ ದಾಟುತ್ತಿದೆಯೇ ಎಂದು ಕಣ್ಣಳತೆಯಲ್ಲಿ ಹಿಡಿಯಲು ಸಾಲದು.

ಆದಾಯದ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಡೌಲಾ ಕೆಲಸದಲ್ಲಿ ಬೇನೆಯ ಗಂಟೆಗಳನ್ನು ಬಿಟ್ಟರೂ ಉಳಿಯುವ ಭಾಗ ದೊಡ್ಡದೇ: ಗರ್ಭಿಣಿಯರಿಗೂ ಅವರ ಸಂಗಾತಿಗಳಿಗೂ ವಾರಾಂತ್ಯದ ತಯಾರಿ ತರಗತಿಗಳು, ಹೆರಿಗೆಯ ನಂತರ ಹಗಲು ಹೊತ್ತಿನಲ್ಲಿ ಬಾಣಂತಿಯ ಮನೆಗೆ ಹೋಗಿ ಕೂಸು ನೋಡಿಕೊಳ್ಳಲು ನೆರವಾಗುವುದು, ಹೊಸ ಡೌಲಾಗಳಿಗೆ ಪಾಠ. ಇವಕ್ಕೆ ಗಡಿಯಾರದ ಶಿಸ್ತಿದೆ, ನೀವು ಆರಿಸಿಕೊಂಡ ದಿನ ಮಾಡಬಹುದು. ಅಲ್ಲಿಯೂ ಒಂದು ಎಚ್ಚರ ಬೇಕು: ಬಾಣಂತಿಗೆ ತಲೆನೋವು, ಜ್ವರ, ಹೆಚ್ಚಿದ ಸ್ರಾವ ಎಂದು ತಿಳಿದರೆ ನೀವು ರೋಗವನ್ನು ಹೆಸರಿಸಲು ಹೋಗದೆ ತಕ್ಷಣ ವೈದ್ಯರ ಬಳಿ ಕಳುಹಿಸಿ. ಈ ಕೆಲಸವನ್ನು ಸಹ ಶಿಕ್ಷಣ ಸಂಸ್ಥೆಗೆ ಮುಂಚೆಯೇ ಬರವಣಿಗೆಯಲ್ಲಿ ತಿಳಿಸಿ. ಕೆಲವು ಸಂಸ್ಥೆಗಳು ಮಿತಿ ಹಾಕುತ್ತವೆ, ಅದು ಮಧ್ಯದಲ್ಲಿ ತಿಳಿಯುವುದಕ್ಕಿಂತ ಈಗಲೇ ತಿಳಿಯಲಿ. ಇಷ್ಟರಿಂದ ಮನೆ ನಡೆಯದು ಎಂದು ಲೆಕ್ಕ ಹೇಳಿದರೆ, ಸಂಸ್ಥೆ ಒಪ್ಪುವುದಾದರೆ ಪ್ರವೇಶವನ್ನು ಒಂದು ವರ್ಷ ಮುಂದೂಡಿ ಹಣ ಕೂಡಿಸಿಕೊಳ್ಳಿ. ಅರ್ಧ ನಿದ್ದೆಯಲ್ಲಿ ಮೂರು ವರ್ಷ ಓದುವುದಕ್ಕಿಂತ ಅದು ಒಳ್ಳೆಯದು.

ಜೊತೆಗಾರರ ಮುನಿಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡೌಲಾ ಎಂಬ ಗ್ರೀಕ್ ಮಾತು ಈ ಅರ್ಥದಲ್ಲಿ ಚಾಲ್ತಿಗೆ ಬಂದದ್ದು 1970ರ ದಶಕದಲ್ಲಿ, ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ ಬಳಸಿದ ಮೇಲೆ. ಅದಕ್ಕೂ ಬಹಳ ಮುಂಚಿನ ನಮ್ಮ ‘ಸೂಲಗಿತ್ತಿ’ ಎಂಬ ಮಾತಿನಲ್ಲಿ ಸಮಾಧಾನ ಹೇಳುವವರು ಒಬ್ಬರು, ಮಗು ಹಿಡಿಯುವವರು ಇನ್ನೊಬ್ಬರು ಎಂಬ ಭೇದವೇ ಇಲ್ಲ. ಈ ಇಬ್ಭಾಗ ಹೊಸದು, ನಿಮ್ಮ ಗೆಳತಿಯರು ಅದನ್ನು ಗಡಿಗೋಡೆಯೆಂದು ಭಾವಿಸಿದ್ದಾರೆ, ಅಷ್ಟೆ. ಆದರೆ ಅವರ ಮಾತಿನಲ್ಲಿ ಮುಳ್ಳಿನಂತೆ ಚುಚ್ಚುವ ಒಂದು ನಿಜವಿದೆ: ನೀವು ಕಾಲ್ದೆಸೆಗೆ ಬಂದ ಮೇಲೆ ತಲೆದೆಸೆ ಖಾಲಿಯಾಗುತ್ತದೆ. ಒಂದು ಪಾಳಿಯಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರು, ಬರೆಯಬೇಕಾದ ದಾಖಲೆ, ಕೇಳಬೇಕಾದ ಬಡಿತ. ಯಾರ ಬಳಿಯೂ ಇಡೀ ಬೇನೆ ಕೂರಲಾಗದು. ನಿಮ್ಮ ಮೊದಲ ತಿಂಗಳುಗಳ ದುಃಖ ಇದೇ ಆಗಿರುತ್ತದೆ ಎಂದು ಊಹಿಸುತ್ತೇನೆ. ನಿಮ್ಮ ಮಾರ್ಗದರ್ಶಕಿಗೆ ‘ನಾನು ಆರು ವರ್ಷ ನೋಡಿದ್ದೇನೆ’ ಎಂದು ಹೇಳುವ ಆಸೆ ಬಂದಾಗ ತಡೆದುಕೊಳ್ಳಿ, ಏಕೆಂದರೆ ನೀವು ನೋಡಿದ್ದು ಕೋಣೆಯ ಇನ್ನೊಂದು ತುದಿಯಿಂದ. ಬಾಗಿಲು ಮೆಲ್ಲನೆ ಮುಚ್ಚುವುದು, ಬೇನೆಯ ನಡುವೆ ಪ್ರಶ್ನೆ ಕೇಳದಿರುವುದು, ಮುಟ್ಟುವ ಮುಂಚೆ ಒಪ್ಪಿಗೆ ಪಡೆಯುವುದು ನಿಮಗೆ ಈಗಾಗಲೇ ಅಭ್ಯಾಸವಾಗಿದೆ, ಅದನ್ನು ಹೇಳದೆ ಮಾಡಿ ತೋರಿಸಿ.

ಉಳಿದದ್ದು ಆ ಇಬ್ಬರು ಗರ್ಭಿಣಿಯರು. ತರಗತಿ ಶುರುವಾಗುವವರೆಗೆ ಕಾಯಬೇಡಿ, ಈ ವಾರವೇ ಇಬ್ಬರನ್ನೂ ಭೇಟಿಯಾಗಿ. ನಿಮ್ಮ ಬದಲಿಗೆ ನಿಲ್ಲಬಲ್ಲ ಡೌಲಾ ಒಬ್ಬರನ್ನು ಕರೆದೊಯ್ದು ಪರಿಚಯಿಸಿ, ಒಂದೆರಡು ಭೇಟಿಗಳಲ್ಲಿ ನೀವೂ ಜೊತೆಗೆ ಕುಳಿತುಕೊಳ್ಳಿ. ಅವರಿಗೆ ಒಪ್ಪಿಗೆಯಾಗದಿದ್ದರೆ ಮುಂಗಡ ಹಿಂದಿರುಗಿಸಿ, ಬೇರೆಯವರನ್ನು ಹುಡುಕಿಕೊಳ್ಳಲು ಅವರಿಗೆ ಕಾಲಾವಕಾಶ ಉಳಿಯಲಿ. ಒಳಪರೀಕ್ಷೆ ಕೇಳಿದ ತಾಯಿಗೆ ಬಾಯಿಮಾತಿನಲ್ಲಿ ಹೇಳುವುದು ಕಷ್ಟವೆನಿಸಿದರೆ ಹೀಗೆ ಬರೆದು ಕಳುಹಿಸಿ:

‘ನೀವು ನನ್ನ ಮೇಲೆ ಇಟ್ಟ ನಂಬಿಕೆಗೆ ಋಣಿ. ನಿಮ್ಮ ದಿನ ತುಂಬುವ ಹೊತ್ತಿಗೆ ನಾನು ವಿದ್ಯಾರ್ಥಿನಿಯಾಗಿರುತ್ತೇನೆ, ಕರೆದಾಗ ಬರುತ್ತೇನೆಂದು ಮಾತು ಕೊಡಲಾರೆ. ನನ್ನ ಬದಲು ಬರುವವರನ್ನು ಈ ವಾರ ನಿಮಗೆ ಪರಿಚಯಿಸುತ್ತೇನೆ. ಒಳಪರೀಕ್ಷೆಯನ್ನು ಅವರೂ ಮಾಡುವುದಿಲ್ಲ, ನಾನಿದ್ದಿದ್ದರೂ ಮಾಡುತ್ತಿರಲಿಲ್ಲ. ಬೇನೆ ಶುರುವಾದಾಗ ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಹೊರಡಬೇಕು ಎಂಬುದನ್ನು ನಾವು ಮೂವರೂ ಕುಳಿತು ನಿಮ್ಮ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳೋಣ.’