ಲಕ್ವ ಹೊಡೆದ ತಂದೆಗೆ ಕೈ ಸರಿಹೋದ ಮೇಲೆ ಆಕ್ಯುಪೇಷನಲ್ ಥೆರಪಿ ಕೊಡಿಸಿದರೆ ಸಾಕೇ?

ಬಲಭಾಗಕ್ಕೆ ಲಕ್ವ ಹೊಡೆದು ಎರಡು ತಿಂಗಳಾದ ನಿಮ್ಮ ತಂದೆಗೆ ಊಟ, ಸ್ನಾನ ಎಲ್ಲವನ್ನೂ ನೀವೇ ಮಾಡಿಸುತ್ತಿದ್ದೀರಿ. ಫಿಸಿಯೋಥೆರಪಿಯಿಂದ ಕೈ ಸರಿಹೋದ ಮೇಲೆ ಆಕ್ಯುಪೇಷನಲ್ ಥೆರಪಿಯನ್ನು ಯೋಚಿಸೋಣವೆಂದಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಹೀಗೆಯೇ ಕಾಯುತ್ತಾ ಕುಳಿತಿದ್ದೆ.

ನನ್ನ ತಂದೆ ದಾವಣಗೆರೆ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಆಕ್ಯುಪೇಷನಲ್ ಥೆರಪಿ ಎಂಬ ಸಾಲೂ ಇತ್ತು. ಆಕ್ಯುಪೇಷನ್ ಎಂದರೆ ಉದ್ಯೋಗ, ನಿವೃತ್ತರಿಗೆ ಅದೇಕೆ ಎಂದುಕೊಂಡು ಆ ಸಾಲನ್ನು ಬಿಟ್ಟುಬಿಟ್ಟೆ. ಅಲ್ಲಿ ಆ ಪದದ ಅರ್ಥ ಸಂಬಳದ ಕೆಲಸವಲ್ಲ. ಹಲ್ಲುಜ್ಜುವುದು, ಅಂಗಿ ತೊಡುವುದು, ಉಣ್ಣುವುದು, ಪತ್ರಿಕೆಯ ಪುಟ ಮಗುಚುವುದು, ಹೀಗೆ ದಿನವನ್ನು ತನ್ನದಾಗಿಸುವ ಎಲ್ಲ ಕೆಲಸಗಳೂ ಅದರಲ್ಲಿ ಸೇರುತ್ತವೆ. ಮಗುವಿಗಾದರೆ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಆಟವಾಡುವುದು.

ಆದರೆ ನಮಗೆ ದುಬಾರಿಯಾದದ್ದು ಆ ಸಾಲನ್ನು ಬಿಟ್ಟದ್ದಕ್ಕಿಂತ ಹೆಚ್ಚಾಗಿ ನಾನು ಇಟ್ಟ ತುತ್ತು. ಎಡಗೈಯಲ್ಲಿ ಉಣ್ಣಲು ತಂದೆ ಒಪ್ಪಲಿಲ್ಲ, ಬಲಗೈಯಿಂದ ಅನ್ನ ಚೆಲ್ಲುತ್ತಿತ್ತು, ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಐದು ತಿಂಗಳು ಮೂರೂ ಹೊತ್ತು ನಾನೇ ಉಣ್ಣಿಸಿದೆ. ಫಿಸಿಯೋಥೆರಪಿಯವರ ಮುಂದೆ ಭುಜದ ಎತ್ತರಕ್ಕೆ ಏಳುತ್ತಿದ್ದ ಕೈ ಮನೆಯಲ್ಲಿ ತೊಡೆಯ ಮೇಲೆ ಬಿದ್ದಿರುತ್ತಿತ್ತು, ಏಕೆಂದರೆ ಅದಕ್ಕೆ ಮಾಡಲು ಒಂದು ಕೆಲಸವನ್ನೂ ನಾನು ಉಳಿಸಿರಲಿಲ್ಲ. ಬಳಸದ ಕೈಯನ್ನು ಬಳಸದಿರುವುದೇ ಮಿದುಳಿಗೆ ರೂಢಿಯಾಗುತ್ತದೆ; ಬಲ ಅಷ್ಟಿಷ್ಟು ಮರಳಿದರೂ ಲೋಟಕ್ಕೆ ಕೈ ಚಾಚಬೇಕೆಂಬುದೇ ತೋಚುವುದಿಲ್ಲ. ಚೇತರಿಕೆ ಅತಿ ವೇಗವಾಗಿ ನಡೆಯುವುದು ಮೊದಲ 3ರಿಂದ 6 ತಿಂಗಳಲ್ಲಿ. ಅದರಲ್ಲಿ ಐದನ್ನು ನಾನು ಸೇವೆ ಎಂದುಕೊಂಡು ಕಳೆದಿದ್ದೆ. ಅಷ್ಟರಲ್ಲಿ ಬೆರಳುಗಳು ಮುಷ್ಟಿಯಾಗಿ ಬಿಗಿದಿದ್ದವು.

ಕೊನೆಗೆ ಮನೆಗೆ ಬಂದ ಆಕ್ಯುಪೇಷನಲ್ ಥೆರಪಿಸ್ಟ್ ಮೊದಲು ಕೈಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಏನೇನು ಮಾಡುತ್ತೀರಿ, ಯಾವುದನ್ನು ಮಾಡಲಾಗದ್ದಕ್ಕೆ ಹೆಚ್ಚು ನೋವಾಗುತ್ತದೆ ಎಂದು ತಂದೆಯನ್ನೇ ಕೇಳಿದರು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬೇಕಾಯಿತು ಎಂದು ತಂದೆ ಅತ್ತರು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಆ ಸಂಕಟ ನನ್ನ ಗಮನಕ್ಕೇ ಬಂದಿರಲಿಲ್ಲ. ಮರುದಿನದಿಂದ ಎಡಗೈಯಲ್ಲಿ ಸಹಿಯ ಅಭ್ಯಾಸ ಆರಂಭವಾಯಿತು, ಕಾಗದ ಸರಿಯದಂತೆ ಒತ್ತಿ ಹಿಡಿಯುವ ಕೆಲಸ ಬಲಗೈಗೆ ಬಂತು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು, ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿದರು. ಅಂಗಿ ತೊಡುವಾಗ ಲಕ್ವ ಹೊಡೆದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಕಳಚುವಾಗ ಅದೇ ಕೊನೆಗೆ ಬರಬೇಕು ಎಂಬುದನ್ನು ಆ ದಿನವೇ ಕಲಿತೆ. ಬಚ್ಚಲಿಗೆ ಸ್ಟೂಲು ಬಂತು, ಗೋಡೆಗೆ ಹಿಡಿಕೆ ಬಂತು, ಭಾರದ ಚೊಂಬಿನ ಬದಲು ಹಗುರವಾದ ಮಗ್ ಬಂತು. ನಾಲ್ಕು ತಿಂಗಳಲ್ಲಿ ತಂದೆ ತಾವೇ ಸ್ನಾನ ಮಾಡಿ, ತಾವೇ ಅಂಗಿ ತೊಡತೊಡಗಿದರು. ಬಲಗೈಯಲ್ಲಿ ಪೆನ್ನು ಹಿಡಿಯುವುದು ಮಾತ್ರ ಮರಳಿ ಬರಲಿಲ್ಲ.

ಆದ್ದರಿಂದ ‘ಕೈ ಸರಿಹೋದ ಮೇಲೆ’ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಕೆಲಸ ಮಾಡುತ್ತಲೇ ಕೈ ಸುಧಾರಿಸಬೇಕು. ಪೂರ್ತಿ ಸುಧಾರಿಸದಿದ್ದರೂ ಬದುಕು ನಡೆಯುವ ದಾರಿಯನ್ನು ಈಗಲೇ ಹುಡುಕಬೇಕು. ಫಿಸಿಯೋಥೆರಪಿಯನ್ನು ನಿಲ್ಲಿಸಬೇಡಿ, ಎರಡೂ ಜೊತೆಗೇ ನಡೆಯಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ, ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಪದವಿಯನ್ನೇ ಕಲಿಸುತ್ತಾರೆ. ನಿಮಗೆ ಹತ್ತಿರವಾದಲ್ಲಿ ವಿಚಾರಿಸಿ. ನುಂಗುವುದಕ್ಕೆ ತೊಂದರೆಯಿಲ್ಲವೆಂದು ವೈದ್ಯರು ಹೇಳಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ಬಲಗೈಯನ್ನು ತಟ್ಟೆಯ ಅಂಚಿನ ಮೇಲಿಟ್ಟು, ಮೊದಲ ತುತ್ತನ್ನು ಅವರೇ ಎತ್ತಿಕೊಳ್ಳುವವರೆಗೆ ಪಕ್ಕದಲ್ಲಿ ಸುಮ್ಮನೆ ಕುಳಿತಿರಿ.