ಹೈಬ್ರಿಡ್ ಭತ್ತದ ಬೀಜ ಉಳಿಸಿ ಬಿತ್ತಿದೆ, ಜೊಳ್ಳು ಬಂತು. ಕಂಪನಿಯವರು ಕುಲಾಂತರಿ ಬೀಜ ಕೊಟ್ಟು ಮೋಸ ಮಾಡಿದರೇ?

ನಿಮ್ಮ ಗದ್ದೆ ಸೊರಬದ್ದು, ನಮ್ಮದು ತೀರ್ಥಹಳ್ಳಿ ಕಡೆ, ಉಳಿದದ್ದೆಲ್ಲ ಒಂದೇ. ನಾನೂ ಹೈಬ್ರಿಡ್ ಭತ್ತವನ್ನು ಬೀಜಕ್ಕೆ ಇಟ್ಟವನು, ಜೊಳ್ಳು ಕಂಡು "ಬೀಜದಲ್ಲಿ ಏನೋ ಸೇರಿಸಿದ್ದಾರೆ" ಎಂದು ಊರಿಗೆಲ್ಲ ಹೇಳಿದವನು. ಕಂಪನಿಯ ಮೋಸ ಅಲ್ಲ ಮಾರಾಯ್ರೆ. ನಾನು ಬೆಳೆದದ್ದು ಕೆಆರ್‌ಎಚ್-2 ಎಂಬ ಹೈಬ್ರಿಡ್, ಕೃಷಿ ವಿಶ್ವವಿದ್ಯಾಲಯದ ಮಂಡ್ಯದ ವಿ.ಸಿ. ಫಾರಂನಿಂದ 1996ರಲ್ಲಿ ಬಂದದ್ದು. ಅದನ್ನು ರೂಪಿಸಿದ್ದು ಕಂಪನಿಯಲ್ಲ, ಅದು ಕುಲಾಂತರಿಯೂ ಅಲ್ಲ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ್ದಲ್ಲ.

ನಾನು ಎಡವಿದ್ದು ಬೀಜ ಆರಿಸುವಾಗ. ಮೊದಲ ವರ್ಷ ಎಕರೆಗೆ 26 ಕ್ವಿಂಟಲ್ ಬಂದಿತ್ತು. ಚೆನ್ನಾಗಿ ಬಲಿತ ತೆನೆಗಳನ್ನೇ ಆರಿಸಿ, ಬಡಿದು, ಒಣಗಿಸಿ ಇಟ್ಟೆ. ಬಿತ್ತುವ ಮುಂಚೆ, ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಸುರಿದು, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಸಲ ತೊಳೆದು ಮೊಳಕೆ ಕಟ್ಟಿದೆ. ನೂರಕ್ಕೆ ತೊಂಬತ್ತು ಮೊಳೆಯಿತು. ಇಷ್ಟಾದ ಮೇಲೆ ಬೀಜದ ಬಗ್ಗೆ ಅನುಮಾನವೇ ಬರಲಿಲ್ಲ. ಆದರೆ ಉಪ್ಪುನೀರು ತೋರಿಸುವುದು ಕಾಳಿನ ತೂಕವನ್ನು, ವಂಶದ ಗುಣವನ್ನಲ್ಲ. ಹೈಬ್ರಿಡ್ ಗಿಡದಿಂದ ಕೊಯ್ಯುವ ಪ್ರತಿ ಕಾಳೂ ಆಗಲೇ ಮುಂದಿನ ತಲೆಮಾರು. ತಂದೆ ತಾಯಿಯ ಗುಣಗಳು ಅದರಲ್ಲಿ ಹೊಸದಾಗಿ ಹಂಚಿಹೋಗಿರುತ್ತವೆ, ಒಂದೊಂದು ಕಾಳಿನಲ್ಲಿ ಒಂದೊಂದು ಥರ. ದಪ್ಪ ಕಾಳು ಆರಿಸಿದರೂ ಅಷ್ಟೇ, ಸಣ್ಣದು ಆರಿಸಿದರೂ ಅಷ್ಟೇ.

ಭತ್ತದಲ್ಲಿ ಇದಕ್ಕಿಂತ ದೊಡ್ಡ ಪೇಚೊಂದಿದೆ. ಭತ್ತದ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಹಾಗಾಗಿ ಹೈಬ್ರಿಡ್ ಮಾಡಲು ಪರಾಗ ಕೆಲಸ ಮಾಡದ ತಾಯಿ ಬೇಕು. ಕೆಆರ್‌ಎಚ್-2ರ ತಾಯಿ ಐಆರ್ 58025ಎ ಅಂಥದ್ದು. ಆ ದೋಷ ತಾಯಿಯಿಂದ ಎಲ್ಲ ಮಕ್ಕಳಿಗೂ ಇಳಿಯುತ್ತದೆ. ತಂದೆ ಕೆಎಂಆರ್-3 ಅದನ್ನು ಸರಿಪಡಿಸುವ ಜೀನ್ ಕೊಡುವುದರಿಂದ ಮೊದಲ ಬೆಳೆಯಲ್ಲಿ ತೆನೆ ತುಂಬುತ್ತದೆ. ಉಳಿಸಿದ ಬೀಜದಲ್ಲಿ ದೋಷ ಎಲ್ಲಕ್ಕೂ ಬರುತ್ತದೆ, ಸರಿಪಡಿಸುವ ಜೀನ್ ಕೆಲವಕ್ಕೆ ತಪ್ಪಿಹೋಗುತ್ತದೆ. ಜೊಳ್ಳು ಬರುವುದು ಆ ಗಿಡಗಳಲ್ಲಿ. ಗದ್ದೆಗಿಳಿದು ನೋಡಿ: ಕಾಳು ತುಂಬಿದ ತೆನೆ ಬಾಗಿರುತ್ತದೆ, ಇವು ನೆಟ್ಟಗೆ ನಿಂತಿರುತ್ತವೆ, ಹಿಚುಕಿದರೆ ಹಾಲಿಲ್ಲ, ಬರೀ ಸಿಪ್ಪೆ. ಒಂದು ಬುಡ ಗಿಡ್ಡ, ಪಕ್ಕದ್ದು ಅದಕ್ಕಿಂತ ಗೇಣು ಎತ್ತರ. ಒಂದು ಹಣ್ಣಾಗಿ ಉದುರುವಾಗ ಇನ್ನೊಂದು ಇನ್ನೂ ಹಾಲುಗಾಳು, ಯಾವ ದಿನ ಕೊಯ್ದರೂ ನಷ್ಟವೇ. ನನಗೆ ಸಿಕ್ಕಿದ್ದು ಎಕರೆಗೆ 15 ಕ್ವಿಂಟಲ್, ಅದರಲ್ಲೂ ಮಿಲ್ಲಿನಲ್ಲಿ ಬಹಳಷ್ಟು ನುಚ್ಚಾಯಿತು.

ಉಳಿಸಿದ ಬೀಜ ಮೊಳೆಯದಂತೆ ಮಾಡುವ, ಟರ್ಮಿನೇಟರ್ ಎಂದು ಸುದ್ದಿಯಾದ ತಂತ್ರಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು, ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಅಂಥ ಬೀಜವಾಗಿದ್ದರೆ ಉಳಿಸಿದ್ದು ಮೊಳೆಯುತ್ತಲೇ ಇರಲಿಲ್ಲ. ನಿಮ್ಮದು ಮೊಳೆತು ತೆನೆಯವರೆಗೂ ಬಂದಿದೆ. ನಮ್ಮಲ್ಲಿ ವಾಣಿಜ್ಯ ಬೇಸಾಯಕ್ಕೆ ಬಿಟ್ಟಿರುವ ಕುಲಾಂತರಿ ಬೆಳೆ ಬಿಟಿ ಹತ್ತಿಯೊಂದೇ, 2002ರಿಂದ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ತಡೆಹಿಡಿದರು. ಬಿಟಿ ಹತ್ತಿ ಹೆಚ್ಚಾಗಿ ಹೈಬ್ರಿಡ್ ಆಗಿಯೇ ಮಾರಾಟವಾದ್ದರಿಂದ ಜನಕ್ಕೆ ಎರಡೂ ಒಂದೇ ಎನಿಸಿತು ಅಂತ ನನ್ನ ಲೆಕ್ಕ. ಒಂದೇ ಅಲ್ಲ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕಮಲಾ ಭತ್ತ ನೋಡಿ: ಸಾಂಬಾ ಮಸೂರಿಯ ಜೀನ್ ತಿದ್ದಿ ಮಾಡಿದ್ದು, ಆದರೂ ಹೈಬ್ರಿಡ್ ಅಲ್ಲ; ಹೊರಗಿನ ಜೀನ್ ಸೇರಿಸಿಲ್ಲದ್ದರಿಂದ ಕುಲಾಂತರಿಯ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ಕುಲಾಂತರಿಯೋ ಅಲ್ಲವೋ ಎಂಬ ಪ್ರಶ್ನೆಯನ್ನೇ ಬಿಡಿ. ಬೀಜ ಮನೆಯಲ್ಲೇ ಉಳಿಸಬೇಕೋ ಬೇಡವೋ, ಅದನ್ನು ಮೊದಲು ತೀರ್ಮಾನಿಸಿ. ಉಳಿಸುವುದಾದರೆ, ಚೀಲದ ಮೇಲೆ ಹೈಬ್ರಿಡ್ ಅಥವಾ ಎಫ್1 (ಅಂದರೂ ಹೈಬ್ರಿಡ್ಡೇ) ಎಂದಿದ್ದರೆ ಮುಟ್ಟಬೇಡಿ. ಜ್ಯೋತಿ, ಎಂಟಿಯು 1001 ಇಂಥ ತಳಿಗಳ ನೀಲಿ ಚೀಟಿಯ ಪ್ರಮಾಣಿತ ಬೀಜ ತನ್ನಿ. ವರದಾ ನದಿಯ ನೆರೆ ನಿಲ್ಲುವ ಗದ್ದೆಯಾದರೆ ನಾಟಿ ತಳಿ ನೆರೆಗುಳಿಯನ್ನೇ ಹಾಕಿ. ಬೀಜಕ್ಕೆಂದು ಒಂದು ಮಡಿ ಮೀಸಲಿಟ್ಟು, ಬೇರೆ ತಳಿಯಿಂದ 3 ಮೀಟರ್ ದೂರ ಬಿಡಿ. ಹೂವಾಡುವಾಗ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಒಳಗಿಳಿದು, ಎತ್ತರ ಅಥವಾ ಕಾಳಿನ ಬಣ್ಣ ಬೇರೆ ಕಂಡ ಬುಡವನ್ನು ಬೇರು ಸಮೇತ ಕಿತ್ತು ಹಾಕಿ. ತೇವಾಂಶ ಶೇ. 13ಕ್ಕೆ ಇಳಿಯುವವರೆಗೆ ಒಣಗಿಸಿ. ನಾಟಿಗೆ ಎಕರೆಗೆ 25 ಕೆ.ಜಿ. ಸಾಕು. ಸುಧಾರಿತ ತಳಿಯಾದರೆ ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ.

ಈಗ ಮನೆಯಲ್ಲಿರುವ ಹೈಬ್ರಿಡ್ ಭತ್ತವನ್ನು ಬೇಗ ಅಕ್ಕಿ ಮಾಡಿಸಿಬಿಡಿ. ಉಳಿದಿದ್ದರೆ, ಜೂನ್‌ನಲ್ಲಿ ಬೀಜದ ರೇಟು ಕೇಳಿದಾಗ ಮತ್ತೆ ಅದಕ್ಕೇ ಕೈ ಹೋಗುತ್ತದೆ.