ಅಂಗಿ ಕಳಚಲು ನಾಚುವ ಅಪ್ಪನಿಗೆ

ಬದಿಯಡ್ಕದ ಕಡೆಯಿಂದ ಬಂದ ಒಂದು ಪತ್ರ ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಬರೆದವರಿಗೆ 36 ವರ್ಷ. ನಮ್ಮ ಕಾಸರಗೋಡಿನ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗುವುದು ರೂಢಿ ಅಲ್ವಾ, ಅದಕ್ಕೇ ಅವರು ಹೆಂಡತಿ ಮಗನನ್ನು ಒಳಗೆ ಕಳಿಸಿ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುತ್ತಾರೆ. ಮನೆಯಲ್ಲೂ ಬಚ್ಚಲಿನಿಂದ ಬನಿಯನ್ ಹಾಕಿಕೊಂಡೇ ಬರುತ್ತಾರೆ. "ನನ್ನ ಮೈ ಕಂಡರೆ ನನಗೇ ಹೇಸಿಗೆ, ಜಿಮ್ಮಿಗೆ ಸೇರಲಾ?" ಎಂದು ಕೇಳಿದ್ದಾರೆ.

ಜಿಮ್ಮು ಆಮೇಲೆ. ಪತ್ರದ ಕೊನೆಗೆ ನೀವು ಸುಮ್ನೆ ಎಂಬಂತೆ ಒಂದು ಮಾತು ಬರೆದಿದ್ದೀರಿ. ಏಳು ವರ್ಷದವರೆಗೆ ಅಮ್ಮನೇ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು, ಒಂದು ದಿನ ಸೋದರಮಾವ ನೋಡಿ "ಗಂಡುಮಗುವನ್ನು ಹೀಗೆ ಮುದ್ದು ಮಾಡಿದರೆ ಕೆಟ್ಟುಹೋಗ್ತಾನೆ" ಅಂದರು, ಅಲ್ಲಿಗೆ ನಿಂತಿತು. ಅಪ್ಪ ಗಲ್ಫಿನಲ್ಲಿ. ಆಮೇಲೆ ನಿಮ್ಮನ್ನು ಮುಟ್ಟಿದ್ದು ಯಾರು? ಅದೇ ಮಾವ, ಮದುವೆಮನೆಯಲ್ಲಿ ಹೊಟ್ಟೆ ಚಿವುಟಿ "ಎಷ್ಟು ತಿಂಗಳು?" ಅಂತ ಕೇಳಿ ನಾಲ್ಕು ಜನರನ್ನು ನಗಿಸಿದವರು.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾವನ ಮೇಲೆ ಇದೆ. ಮಕ್ಕಳ ಹೊಟ್ಟೆ ಚಿವುಟುವುದು ಮುದ್ದಲ್ಲ, ಇದನ್ನು ಎಷ್ಟು ಸಲ ಬರೆಯಲೂ ನಾನು ತಯಾರು.

ನಮ್ಮ ಚರ್ಮದಲ್ಲಿ ಮೆಲ್ಲಗೆ ಸವರುವ ಕೈಗೆಂದೇ ಇರುವ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಬೆಚ್ಚಗಿನ ಕೈ ಹರಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಎಣ್ಣೆ ಹಚ್ಚುವ ಕೈ ಬೆನ್ನಿನ ಮೇಲೆ ಇಳಿಯುವ ಹಾಗೆ. ಆ ಸುದ್ದಿ ಹೋಗುವುದು ಮೈಯೊಳಗಿನ ಎದೆಬಡಿತ, ಹಸಿವು, ನೋವುಗಳನ್ನು ಗಮನಿಸುವ ಮಿದುಳಿನ ಭಾಗಕ್ಕೇ. ಕನ್ನಡಿ ನೋಡಿ ಅಂದಚೆಂದ ತಿಳಿಯುವ ಮೊದಲೇ ಮಗುವಿಗೆ ತನ್ನ ಮೈಯ ಪರಿಚಯ ಆಗುವುದು ಹೀಗೆ ಎಂದು ನಾನು ನಂಬಿದ್ದೇನೆ. ನಿಮ್ಮ ನಾಚಿಕೆಗೆ ಇದೊಂದೇ ಕಾರಣ ಅಂತಲ್ಲ. ಆದರೆ ಏಳು ವರ್ಷದ ನಂತರ ನಿಮ್ಮ ಮೈಗೆ ತಾಗಿದ ಕೈಗಳೆಲ್ಲ ಅಳೆಯಲು ಬಂದವೇ.

ನಿಮ್ಮ ಮಗನಿಗೆ ಈಗ ಆರು. ಈ ಭಾನುವಾರ ತೆಂಗಿನೆಣ್ಣೆ ಸ್ವಲ್ಪ ಬೆಚ್ಚಗೆ ಮಾಡಿ, ಇಬ್ಬರೂ ಅಂಗಿ ಕಳಚಿ ಬಚ್ಚಲಿನಲ್ಲಿ ಕೂತು ಅವನ ಬೆನ್ನಿಗೆ ನೀವೇ ಹಚ್ಚಿ. ಅವಸರ ಬೇಡ. ಅವನು ಸಾಕು ಅಂದರೆ ಸಾಕು. ಆಮೇಲೆ ಎಣ್ಣೆಯ ಬಟ್ಟಲನ್ನು ಅವನ ಕೈಗೆ ಕೊಟ್ಟು, ನೀವು ಬೆನ್ನು ತಿರುಗಿಸಿ ಕೂತುಕೊಳ್ಳಿ.